ಪಂದಿ ಕರಿ ತಿನ್ನುವ ಮನೆಯಲ್ಲೂ ಬಿ12 ಕಮ್ಮಿಯಾಗುತ್ತಾ?

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ ಚಿಕ್ಕ ಕಾಫಿ ತೋಟ. ನಮ್ಮ ಮನೆಯವರಿಗೆ 52 ವರ್ಷ. ಒಂಬತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದಾರೆ, ಬೆಳಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ಟ್ರಿಕ್ ಮಾತ್ರೆಯೂ ಇದೆ. ಈ ಮಳೆಗಾಲದಲ್ಲಿ ಪಾದ ಜುಮ್ ಅನ್ನುತ್ತೆ, ತುಂಬಾ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಬಿ12 148, ವಿಟಮಿನ್ ಡಿ 11 ಬಂದಿದೆ. ವಾರಕ್ಕೆರಡು ಸಲ ಮಾಂಸ ತಿನ್ನುವವರಿಗೆ, ದಿನವಿಡೀ ತೋಟದಲ್ಲಿ ಓಡಾಡುವವರಿಗೆ ಇದು ಹೇಗೆ ಕಮ್ಮಿಯಾಗುತ್ತೆ? ದುಬೈನಲ್ಲಿರುವ ನಾದಿನಿ ದೊಡ್ಡ ಮಲ್ಟಿವಿಟಮಿನ್ ಬಾಟಲಿ ತಂದುಕೊಟ್ಟು, ಮನೆಮಂದಿಯೆಲ್ಲ ತಗೊಳ್ಳಿ ಅಂದಿದ್ದಾಳೆ. ಅತ್ತೆಗೆ 74, ಹೃದಯದ ವಾಲ್ವ್ ಆಪರೇಷನ್ ಆಗಿ ರಕ್ತ ತೆಳು ಮಾಡುವ ಮಾತ್ರೆಯಲ್ಲಿದ್ದಾರೆ. ಮಗಳಿಗೆ ಹೋದ ವರ್ಷ ಮದುವೆಯಾಯ್ತು, ಮಗು ಬೇಕು ಅಂತಿದ್ದಾರೆ. ಎಲ್ಲರಿಗೂ ಕೊಡಬಹುದಾ? ಮದ್ದು ಸೊಪ್ಪಿನಲ್ಲಿ ಎಲ್ಲ ವಿಟಮಿನ್ ಇದೆಯಂತೆ, ಹೌದಾ?

ಉತ್ತರ: ಮೊದಲು ಆ ಬಾಟಲಿಯನ್ನು ಎತ್ತಿ ಮೇಲಿನ ಕಪಾಟಿನಲ್ಲಿಡಿ. ಬಿಸಾಡಬೇಡಿ, ನಾದಿನಿಗೆ ಬೇಜಾರಾಗುತ್ತೆ. ಆದರೆ ಸದ್ಯಕ್ಕೆ ಯಾರಿಗೂ ಕೊಡಬೇಡಿ. ನಿಮ್ಮ ಮನೆಯಲ್ಲಿ ಒಬ್ಬೊಬ್ಬರದ್ದೂ ಒಂದೊಂದು ಲೆಕ್ಕ ಇದೆ, ಒಂದೇ ಬಾಟಲಿ ಎಲ್ಲರಿಗೂ ಹೊಂದುವುದಿಲ್ಲ. ಯಾಕೆ ಅಂತ ಒಬ್ಬೊಬ್ಬರದ್ದಾಗಿ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ನೋವು ಕಾಣಿಸಿತು, ಇಷ್ಟೆಲ್ಲ ಮಾಡಿ ಬಡಿಸಿದರೂ ಹೀಗಾಯ್ತಲ್ಲ ಅಂತ. ಮಡಿಕೇರಿಯಲ್ಲಿ ನನ್ನ ಮುಂದೆ ಕೂತು ರಿಪೋರ್ಟ್ ಬಿಚ್ಚುವ ಹೆಂಗಸರ ಮುಖದಲ್ಲಿ ಇದನ್ನು ಬಹಳ ಸಲ ನೋಡಿದ್ದೇನೆ. ನಿಮ್ಮ ಅಡುಗೆಯದ್ದು ಏನೂ ತಪ್ಪಿಲ್ಲ.

ಬಿ12 ನಮಗೆ ದಿನಕ್ಕೆ ಬೇಕಾದ್ದು ಎರಡು ಮೈಕ್ರೋಗ್ರಾಂ ಆಸುಪಾಸು. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು, ಅಷ್ಟೇ. ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಗಿಡ ಮಾಡಲ್ಲ, ಪ್ರಾಣಿಯೂ ಮಾಡಲ್ಲ, ಆದರೆ ಪ್ರಾಣಿಯ ಮೈಯಲ್ಲಿ ಅದು ಸೇರಿಕೊಂಡಿರುತ್ತೆ. ಮಾಂಸ, ಮೀನು, ಮೊಟ್ಟೆ, ಹಾಲಿನಿಂದ ನಮಗೆ ಸಿಗುತ್ತೆ. ಹಂದಿ ಲಿವರ್ 100 ಗ್ರಾಂ ತಿಂದರೆ ಒಂದು ವಾರಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಬಿ12 ತಟ್ಟೆಯಲ್ಲಿದ್ದ ಹಾಗೆ. ಹಾಗಾಗಿ ನಿಮ್ಮ ಮನೆಯವರ ತಟ್ಟೆಯಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ತಟ್ಟೆಯಿಂದ ರಕ್ತಕ್ಕೆ ಹೋಗುವ ದಾರಿಯಲ್ಲಿ.

ತೋಟದವರಿಗೆ ಇದನ್ನು ಹೇಳುವುದು ಸುಲಭ. ಕಾಫಿ ಹಣ್ಣು ಕೊಯ್ದು ರಾಶಿ ಹಾಕಿದ ಮಾತ್ರಕ್ಕೆ ಪಾರ್ಚ್‌ಮೆಂಟ್ ಆಗುತ್ತಾ? ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು, ಆಮೇಲೆ ಯಾರಾದರೂ ಅದನ್ನು ಜೀಪಿಗೆ ಹೇರಿಕೊಂಡು ಕ್ಯೂರಿಂಗ್ ವರ್ಕ್ಸ್‌ಗೆ ಮುಟ್ಟಿಸಬೇಕು. ಮಾಂಸದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತೆ. ಅದನ್ನು ಬಿಡಿಸುವ ಪಲ್ಪರ್ ಅಂದರೆ ಹೊಟ್ಟೆಯ ಆಸಿಡ್. ಬಿಡಿಸಿಕೊಂಡ ಬಿ12ಗೆ ಹೊಟ್ಟೆಯ ಗೋಡೆಯಿಂದ ಬರುವ ಒಂದು ಪ್ರೋಟೀನ್ ಜೊತೆಯಾಗುತ್ತೆ, ಅದೇ ಜೀಪು. ಅದು ಸಣ್ಣ ಕರುಳಿನ ಕಟ್ಟಕಡೆಯ ಭಾಗದವರೆಗೂ ಕರೆದುಕೊಂಡು ಹೋಗಿ ಅಲ್ಲಿ ಇಳಿಸುತ್ತೆ. ಈಗ ನೋಡಿ: ದಿನಾ ಬೆಳಗ್ಗೆ ತಗೊಳ್ಳುವ ಗ್ಯಾಸ್ಟ್ರಿಕ್ ಮಾತ್ರೆಯ ಕೆಲಸವೇ ಆಸಿಡ್ ಕಮ್ಮಿ ಮಾಡುವುದು, ಅಂದರೆ ಪಲ್ಪರ್ ನಿಧಾನ. ಮೆಟ್‌ಫಾರ್ಮಿನ್ ಕರುಳಿನ ಆ ಕೊನೆಯ ಭಾಗದಲ್ಲಿ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತೆ, ಅಂದರೆ ಇಳಿಸಿಕೊಳ್ಳುವ ಜಾಗದ ಬಾಗಿಲು ಅರ್ಧ ಮುಚ್ಚಿದ ಹಾಗೆ. ಎರಡೂ ಒಟ್ಟಿಗೆ ವರ್ಷಗಟ್ಟಲೆ ನಡೆದಿದೆ.

ಹಾಗಾದರೆ ಮೊದಲ ವರ್ಷವೇ ಯಾಕೆ ಗೊತ್ತಾಗಲಿಲ್ಲ? ನಮ್ಮ ಲಿವರ್ ಬಿ12 ಅನ್ನು ವರ್ಷಗಟ್ಟಲೆ ಆಗುವಷ್ಟು ಕೂಡಿಟ್ಟುಕೊಂಡಿರುತ್ತೆ. ಆ ದಾಸ್ತಾನು ಕರಗಿ ಮುಗಿಯುವವರೆಗೂ ಎಲ್ಲ ಸರಿ ಇದ್ದ ಹಾಗೇ ಇರುತ್ತೆ. ಆಮೇಲೆ ಪಾದ ಜುಮ್ ಅನ್ನುತ್ತೆ, ಚಪ್ಪಲಿ ಕಳಚಿದ್ದು ಗೊತ್ತಾಗಲ್ಲ, ನಾಲಿಗೆ ಉರಿ, ಮರೆವು, ಸುಸ್ತು. ಶುಗರ್ ಇರುವವರಲ್ಲಿ ಇನ್ನೊಂದು ಗೊಂದಲ. ಸಕ್ಕರೆ ಕಾಯಿಲೆಯಿಂದಲೂ ಪಾದ ಹೀಗೇ ಜುಮ್ ಅನ್ನುವುದರಿಂದ, ಇದು ಶುಗರ್‌ದೇ ಬಿಡಿ ಅಂತ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ನೀವು ಪರೀಕ್ಷೆ ಮಾಡಿಸಿದ್ದು ಬಹಳ ಒಳ್ಳೆಯದಾಯ್ತು. 200 ಪಿಕೋಗ್ರಾಂಗಿಂತ ಕೆಳಗೆ ಅಂದರೆ ಕೊರತೆ ಅಂತಲೇ ಸಾಮಾನ್ಯವಾಗಿ ಹಿಡಿಯುತ್ತಾರೆ, ನಿಮ್ಮವರದ್ದು 148. ತೀರಾ ತಡವಾದರೆ ನರದ ತೊಂದರೆ ಪೂರ್ತಿ ಹಿಂದೆ ಬರುವುದು ಕಷ್ಟ, ಹಾಗಾಗಿ ಇದನ್ನು ಪುತ್ತರಿ ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಅಂತ ಮುಂದೂಡಬೇಡಿ.

ಅದಕ್ಕೆ ಮಾಂಸ ಜಾಸ್ತಿ ಮಾಡುತ್ತೇನೆ ಅಂದರೆ ಉಪಯೋಗ ಕಮ್ಮಿ. ಪಲ್ಪರ್ ನಿಂತಿರುವಾಗ ಹಣ್ಣು ಜಾಸ್ತಿ ಸುರಿದರೆ ಏನು ಬಂತು? ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿಲ್ಲ, ಅದು ಆಗಲೇ ಪಲ್ಪ್ ಆಗಿ ಬಂದದ್ದು. ಜೊತೆಗೆ 1,000 ಮೈಕ್ರೋಗ್ರಾಂನಂಥ ದೊಡ್ಡ ಡೋಸ್ ತಗೊಂಡರೆ ನೂರರಲ್ಲಿ ಒಂದು ಪಾಲು ಆ ಜೀಪಿನ ಹಂಗಿಲ್ಲದೆ ತಾನಾಗಿಯೇ ರಕ್ತಕ್ಕೆ ಇಳಿಯುತ್ತೆ, ಅಷ್ಟೇ ಸಾಕು. ಆದರೆ ಪಾದ ಜುಮ್ ಅನ್ನುವ ಹಂತಕ್ಕೆ ಬಂದಿರುವುದರಿಂದ ನಿಮ್ಮ ಡಾಕ್ಟರು ಬಹುಶಃ ಇಂಜೆಕ್ಷನ್‌ನಿಂದಲೇ ಶುರು ಮಾಡುತ್ತಾರೆ, ಬೇಡ ಅನ್ನಬೇಡಿ. ಮೆಟ್‌ಫಾರ್ಮಿನ್ ಇರುವಷ್ಟು ಕಾಲ ಬಿ12 ಮಾತ್ರೆಯೂ ಜೊತೆಗಿರಬೇಕಾಗಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ದಯವಿಟ್ಟು ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಅದು ಒಳ್ಳೆಯ ಔಷಧಿ. ಗ್ಯಾಸ್ಟ್ರಿಕ್ ಮಾತ್ರೆ ಬಗ್ಗೆ ಮಾತ್ರ ಡಾಕ್ಟರನ್ನು ಕೇಳಲೇಬೇಕು, ಇದು ಈಗಲೂ ಬೇಕಾ ಅಂತ. ಎರಡು ವಾರಕ್ಕೆ ಅಂತ ಬರೆದುಕೊಟ್ಟ ಮಾತ್ರೆಯನ್ನು ಹತ್ತು ವರ್ಷ ತಿಂದವರನ್ನು ನೋಡಿದ್ದೇನೆ, ಚೀಟಿ ಹಳೆಯದಾಗಿ ಅಕ್ಷರ ಅಳಿಸಿಹೋಗಿದ್ದರೂ ಅಂಗಡಿಯಲ್ಲಿ ಸ್ಟ್ರಿಪ್ ತೋರಿಸಿದರೆ ಕೊಡುತ್ತಾರಲ್ಲ.

ಇನ್ನೊಂದು ಎಚ್ಚರಿಕೆ. ನರಕ್ಕೆ ಒಳ್ಳೆಯದು ಅಂತ ಅಂಗಡಿಯಲ್ಲಿ ಕೊಡುವ ಮಾತ್ರೆಗಳಲ್ಲಿ ಬಿ6 ಸೇರಿರುತ್ತೆ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ತಿಂದು ಬಿ6 ಬಹಳ ಕಾಲ ಜಾಸ್ತಿಯಾದರೆ ಅದರಿಂದಲೇ ಕೈಕಾಲು ಜುಮ್ ಅನ್ನುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಾಗೇ ಬಿ12 ಕೊಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತೆ, ಒಳಗೆ ನರ ಮಾತ್ರ ಹಾಳಾಗುತ್ತಲೇ ಇರುತ್ತೆ.

ಈಗ ವಿಟಮಿನ್ ಡಿ. ದಿನವಿಡೀ ತೋಟದಲ್ಲಿ ಇರುತ್ತಾರೆ ಅಂದಿರಿ. ನಿಮ್ಮ ತೋಟದಲ್ಲಿ ನಿಂತು ಒಮ್ಮೆ ಮೇಲೆ ನೋಡಿ. ಸಿಲ್ವರ್ ಓಕ್, ಬಳಂಜಿ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ನಮ್ಮ ಕಾಫಿ ಬೆಳೆಯುವುದೇ ನೆರಳಲ್ಲಿ, ಅದರ ಕೆಳಗೆ ಓಡಾಡುವವರೂ ನೆರಳಲ್ಲೇ ತಾನೇ? ಮೇಲಿಂದ ಗಂಬೂಟು, ಜರ್ಕಿನ್, ತಲೆಗೆ ಟೋಪಿ. ಚರ್ಮದಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತುವಿನ ಮೇಲೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದು ವಿಟಮಿನ್ ಡಿ ಆಗಿ ಬದಲಾಗುತ್ತೆ. ಜೀಪಿನ ಗಾಜು ಏರಿಸಿಕೊಂಡು ಬಿಸಿಲು ಕಾಯಿಸಿದರೂ ಆಗಲ್ಲ, ಆ ಕಿರಣವನ್ನು ಗಾಜು ತಡೆಯುತ್ತೆ. ಬೆಳಗ್ಗೆ ಏಳು ಗಂಟೆಯ ಎಳೆಬಿಸಿಲು ಹಿತವಾಗಿರುತ್ತೆ ನಿಜ, ಅದರಲ್ಲಿ ಈ ಕಿರಣ ತೀರಾ ಕಮ್ಮಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು ಸರಿಯಾದ ಹೊತ್ತು. ಹೆಚ್ಚುಕಮ್ಮಿ ಹತ್ತರಿಂದ ಮೂರು.

ಮತ್ತೆ ನಮ್ಮ ಮಳೆ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ನಾಪೋಕ್ಲು, ಕಕ್ಕಬ್ಬೆ, ಭಾಗಮಂಡಲದ ಕಡೆ ಬಟ್ಟೆ ಒಣಗಿಸುವುದಕ್ಕೇ ಒಲೆಯ ಮೇಲಿನ ಅಟ್ಟ ಬೇಕು, ಮನುಷ್ಯರಿಗೆ ಬಿಸಿಲೆಲ್ಲಿ? ಮೈಯಲ್ಲಿರುವ ಡಿ ಎರಡು ಮೂರು ವಾರಕ್ಕೆ ಅರ್ಧಕ್ಕರ್ಧ ಇಳಿಯುತ್ತಾ ಹೋಗುತ್ತೆ, ಕೊಬ್ಬಿನಲ್ಲಿ ಕೂಡಿಟ್ಟದ್ದು ಸ್ವಲ್ಪ ತಡೆಯುತ್ತೆ ಅಷ್ಟೇ. ಒಂದು ಆಗಸ್ಟಿನಲ್ಲಿ ನಾನೂ ಸುಮ್ನೆ ಪರೀಕ್ಷೆ ಮಾಡಿಸಿಕೊಂಡೆ, 14 ಬಂತು. ಊರಿಗೆಲ್ಲ ಬಿಸಿಲಿಗೆ ನಿಲ್ಲಿ ಅಂತ ಹೇಳುವವಳು ನಾನು!

20ಕ್ಕಿಂತ ಕೆಳಗಿದ್ದರೆ ಕೊರತೆ, ನಿಮ್ಮವರದ್ದು 11. ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವುದು 60,000 ಐಯು, ವಾರಕ್ಕೆ ಒಂದು, ಎಂಟು ವಾರ. ವಾರಕ್ಕೆ ಒಂದು ಅನ್ನುವುದನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಬರೆದಿಡಿ. ನಮ್ಮ ಹತ್ತಿರದ ನೆಂಟರೊಬ್ಬರು ಇದನ್ನು ದಿನಾ ಒಂದು ಅಂದುಕೊಂಡು ಎರಡು ತಿಂಗಳ ಮೇಲೆ ನುಂಗಿದರು. ಶಕ್ತಿ ಬರುತ್ತಿದೆ ಅಂತ ಮೊದಮೊದಲು ಖುಷಿಯಲ್ಲೇ ಇದ್ದರು. ಆಮೇಲೆ ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ಬಾಯಾರಿಕೆ, ಮಾತಿನಲ್ಲಿ ತೊದಲು. ನೋಡಲು ಹೋದಾಗ ದಿಂಬಿನ ಪಕ್ಕ ಖಾಲಿ ಸ್ಟ್ರಿಪ್‌ಗಳ ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಡಾಕ್ಟರಿಗೆ ವಿಷಯ ಗೊತ್ತಾದದ್ದು ಅದರಿಂದಲೇ. ರಕ್ತದ ಕ್ಯಾಲ್ಸಿಯಂ 13 ದಾಟಿತ್ತು, ಹತ್ತರ ಆಸುಪಾಸಿನಲ್ಲಿ ನಿಲ್ಲಬೇಕಾದ್ದು ಅದು. ಕಿಡ್ನಿ ಉಳಿದದ್ದು ಅದೃಷ್ಟ.

ಇದರ ಹಿಂದಿನ ಕಾರಣ ತಿಳಿದಿದ್ದರೆ ಎಲ್ಲ ಬಾಟಲಿಗೂ ಉಪಯೋಗಕ್ಕೆ ಬರುತ್ತೆ. ವಿಟಮಿನ್ ಒಟ್ಟು 13. ಅದರಲ್ಲಿ ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವವು, ಜಾಸ್ತಿಯಾದರೆ ಮೈಯಲ್ಲಿ ಕೂರುತ್ತವೆ. ಎಂಟು ಬಗೆಯ ಬಿ ಮತ್ತು ಸಿ ನೀರಿನಲ್ಲಿ ಕರಗುವವು, ಜಾಸ್ತಿಯಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತೆ. ಕೊಬ್ಬಿನಲ್ಲಿ ಕರಗುವುದು ಅಂದಮೇಲೆ ಆ ಡಿ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುವ ಬದಲು ಭಾನುವಾರ ಮಧ್ಯಾಹ್ನ ಪಂದಿ ಕರಿ ಊಟದ ಜೊತೆ ತಗೊಳ್ಳಲಿ. ಮರೆಯುವುದೂ ಇಲ್ಲ.

ಊಟದಿಂದ ಡಿ ತುಂಬಿಸುವುದು ಕಷ್ಟ. ಮತ್ತಿ ಮೀನು, ಮೊಟ್ಟೆಯ ಹಳದಿ, ಇವುಗಳಲ್ಲಿ ಸ್ವಲ್ಪ ಇದೆ. ಅಣಬೆಯನ್ನು ಬಿಸಿಲಿಗಿಟ್ಟರೆ ಅದರಲ್ಲೂ ಡಿ ಹುಟ್ಟುತ್ತೆ, ನಮ್ಮ ಚರ್ಮದ ಹಾಗೆಯೇ. ಆದರೆ ನಮ್ಮೂರಲ್ಲಿ ಅಣಬೆ ಏಳುವ ಕಾಲಕ್ಕೆ ಬಿಸಿಲಿಲ್ಲ, ಬಿಸಿಲಿನ ಕಾಲಕ್ಕೆ ಅಣಬೆ ಇಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಹರಡಿದಾಗ ನಿಮ್ಮ ಮನೆಯವರು ವರಾಂಡದಲ್ಲಿ ಕೂತು ಆಳುಗಳಿಗೆ ಹೇಳುವ ಬದಲು ತಾವೇ ತೋಳು ಮಡಚಿ ಅರ್ಧ ಗಂಟೆ ಕಾಫಿ ಕೆದಕಲಿ.

ಇನ್ನು ಊಟದ ವಿಷಯ. ನಮ್ಮ ಕಡಂಬುಟ್ಟು, ಪಾಪುಟ್ಟು, ನೂಪುಟ್ಟು, ರೊಟ್ಟಿ ಎಲ್ಲವೂ ಅಕ್ಕಿ, ಅದೂ ಚೆನ್ನಾಗಿ ಪಾಲಿಶ್ ಆದ ಬಿಳಿ ಅಕ್ಕಿ. ತೌಡಿನ ಜೊತೆ ಬಿ1 ಹೋಗಿಬಿಟ್ಟಿರುತ್ತೆ. ಇದು ಕಂಡುಬಂದ ಕಥೆ ತಮಾಷೆಯಾಗಿದೆ. 1890ರ ದಶಕದಲ್ಲಿ ಜಾವಾದಲ್ಲಿದ್ದ ಐಕ್‌ಮನ್ ಅನ್ನುವ ಡಚ್ ಡಾಕ್ಟರ ಕೋಳಿಗಳಿಗೆ ಕಾಲು ಬಲವಿಲ್ಲದೆ ಬೀಳುವ ರೋಗ ಬಂತು, ಬೆರಿಬೆರಿ ರೋಗಿಗಳ ಹಾಗೆಯೇ. ಸ್ವಲ್ಪ ದಿನಕ್ಕೆ ತಾನಾಗಿ ವಾಸಿಯೂ ಆಯಿತು. ವಿಚಾರಿಸಿದರೆ, ಅಲ್ಲಿಯವರೆಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ಕೋಳಿಗಳಿಗೆ ಹೋಗುತ್ತಿತ್ತಂತೆ. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿ ಅನ್ನ ಸಿವಿಲ್ ಕೋಳಿಗೆ ಯಾಕೆ ಅಂತ ನಿಲ್ಲಿಸಿದ. ಕೋಳಿಗಳಿಗೆ ತೌಡಿರುವ ಅಕ್ಕಿ ಸಿಕ್ಕಿತು, ಎದ್ದು ನಿಂತವು. ಆ ಕೆಲಸಕ್ಕೆ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ.

ಈಗ ಕಡಂಬುಟ್ಟಿನ ಪಕ್ಕದಲ್ಲಿ ಏನು ಬಡಿಸುತ್ತೇವೆ ನೋಡಿ. ನಾವು ಸಾಮಾನ್ಯವಾಗಿ ತಿನ್ನುವ ಮಾಂಸಗಳಲ್ಲಿ ಬಿ1 ಅತಿ ಹೆಚ್ಚು ಇರುವುದು ಹಂದಿ ಮಾಂಸದಲ್ಲಿ. ಅಕ್ಕಿ ತರಿಯಲ್ಲಿ ಯಾವುದು ಇಲ್ಲವೋ ಅದು ಪಂದಿ ಕರಿಯಲ್ಲಿದೆ. ಹಿರಿಯರು ಇದನ್ನೆಲ್ಲ ಲೆಕ್ಕ ಹಾಕಿ ಜೋಡಿ ಮಾಡಿದರು ಅಂತ ನಾನು ಹೇಳಲ್ಲ, ರುಚಿಗೆ ಮಾಡಿದರು, ಹೊಂದಿಕೊಂಡಿತು. ಆದರೆ ಅದರ ಪಕ್ಕದಲ್ಲೇ ಗ್ಲಾಸೂ ಇದ್ದರೆ ಲೆಕ್ಕ ತಪ್ಪುತ್ತೆ. ಹೆಂಡ ಜಾಸ್ತಿಯಾದರೆ ಕರುಳು ಬಿ1 ಹೀರಿಕೊಳ್ಳುವುದು ಕಮ್ಮಿಯಾಗುತ್ತೆ, ಫೋಲೇಟೂ ಇಳಿಯುತ್ತೆ. ನಿಮ್ಮ ಮನೆಯವರಿಗೆ ಸಂಜೆಯ ಅಭ್ಯಾಸ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಡಾಕ್ಟರ ಹತ್ತಿರ ಎಷ್ಟು ಅಂತ ನಿಜ ಹೇಳಲಿ, ಪಾದದ ಜುಮ್‌ಗೆ ಅದೂ ಒಂದು ಕಾರಣ ಆಗಿರಬಹುದು.

ನಮ್ಮ ಊಟದಲ್ಲಿ ನಿಜವಾಗಿ ತೆಳ್ಳಗಿರುವುದು ವಿಟಮಿನ್ ಸಿ. ಎಲ್ಲವನ್ನೂ ಚೆನ್ನಾಗಿ ಬೇಯಿಸಿ, ಹುರಿದು ತಿನ್ನುವವರು ನಾವು, ಸಿ ಬಿಸಿಗೆ ನಿಲ್ಲಲ್ಲ. ಪಂದಿ ಕರಿಗೆ ಹಣ್ಣಿನ ಹುಳಿರಸ ಕಾಚಂಪುಳಿ ಹಾಕುತ್ತೇವಲ್ಲ, ಹುಳಿ ಅಂದರೆ ಸಿ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹುಳಿ ಇದ್ದದ್ದೆಲ್ಲ ಸಿ ಅಲ್ಲ. ಕಾಚಂಪುಳಿಯನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ಕುದಿಸಿರುತ್ತಾರೆ, ಅದರಲ್ಲಿ ಸಿ ಹುಡುಕುವುದು ದಂಡ. ಇದೇ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಬ್ರಿಟಿಷ್ ಹಡಗಿನ ಡಾಕ್ಟರು, ಒಸಡು ಊದಿ ರಕ್ತ ಬರುವ ಸ್ಕರ್ವಿ ರೋಗದ 12 ನಾವಿಕರನ್ನು ಇಬ್ಬಿಬ್ಬರಾಗಿ ವಿಂಗಡಿಸಿ ಬೇರೆ ಬೇರೆ ವಸ್ತು ಕೊಟ್ಟು ನೋಡಿದರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದರು. ಅಷ್ಟು ಚೆನ್ನಾಗಿ ಕಂಡುಹಿಡಿದವರು, ಹಡಗಿನಲ್ಲಿ ಹಣ್ಣು ಕೆಡುತ್ತೆ ಅಂತ ರಸವನ್ನು ಕಾಯಿಸಿ ಗಟ್ಟಿ ಮಾಡಿ ಒಯ್ಯಿರಿ ಅಂದರು. ಬಿಸಿಗೆ ಸಿ ಬಹುಪಾಲು ಹಾಳಾಯಿತು. ನಮ್ಮ ಕಾಚಂಪುಳಿ ಬಾಟಲಿ ನೋಡಿದಾಗೆಲ್ಲ ನನಗೆ ಅವರ ನೆನಪಾಗುತ್ತೆ.

ಪಂದಿ ಕರಿಗೆ ಕಾಚಂಪುಳಿ ಇರಲಿ, ಅದಿಲ್ಲದೆ ಅದು ಪಂದಿ ಕರಿಯೇ ಅಲ್ಲ. ಆದರೆ ತಟ್ಟೆಯ ಬದಿಗೆ ಹಸಿ ಈರುಳ್ಳಿ ಹೆಚ್ಚಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಹಿತ್ತಲಲ್ಲಿ ಸೀಬೆ ಇದ್ದರೆ ಅದಕ್ಕಿಂತ ಒಳ್ಳೆಯ ಟಾನಿಕ್ ಇಲ್ಲ, 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಹತ್ತಿರ ಸಿ ಇರುತ್ತೆ, ಒಬ್ಬರಿಗೆ ದಿನಕ್ಕೆ ಬೇಕಾದ್ದು 65ರಿಂದ 80. ನಮ್ಮ ಕೊಡಗಿನ ಕಿತ್ತಳೆಗೆ 2006ರಲ್ಲಿ ಜಿಐ ಟ್ಯಾಗ್ ಬಂತು, ಅಷ್ಟರಲ್ಲಿ ಗಿಡಗಳೇ ತೋಟದಿಂದ ಕಮ್ಮಿಯಾಗಿದ್ದವು. ಸಿಕ್ಕರೆ ತಿನ್ನಿ. ಸಿ ಮಾತ್ರೆ ತಿಂದರೆ ನೆಗಡಿ ಬರಲ್ಲ ಅನ್ನುವುದು ಮಾತ್ರ ನಿಜವಲ್ಲ. ದಿನಾ ತಗೊಳ್ಳುವವರಲ್ಲಿ ಬಂದ ನೆಗಡಿ ಸ್ವಲ್ಪ ಬೇಗ ಹೋಗುತ್ತೆ, ಅಷ್ಟೇ.

ಮದ್ದು ಸೊಪ್ಪು ಕೇಳಿದಿರಿ. ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ನಮ್ಮ ಮನೆಯಲ್ಲೂ ಅದರ ಪಾಯಸ ಮಾಡುತ್ತೇವೆ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುವಾಗಿನ ಆ ವಾಸನೆ ಇಡೀ ಮನೆಗೆ ಹಬ್ಬಿರುತ್ತೆ, ಮಾರನೇ ದಿನ ಮೂತ್ರ ಕೆಂಪಗಾಗುತ್ತೆ, ಹೊರಗಿನಿಂದ ಬಂದ ಸೊಸೆಯಂದಿರು ಹೆದರುತ್ತಾರೆ. ಹದಿನೆಂಟು ಮದ್ದು ಮೈಗೆ ಹತ್ತಿತು ಅನ್ನುತ್ತಾರೆ ಹಿರಿಯರು. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದರೂ ಮೂತ್ರ ಗಾಢ ಹಳದಿ ಆಗುತ್ತೆ ಗೊತ್ತಲ್ಲ, ಅದು ಬಿ2 ಬಣ್ಣ. ಎರಡರಲ್ಲೂ ಬಣ್ಣ ಹೇಳುವುದು ಒಂದೇ, ಏನೋ ಹೊರಗೆ ಹೋಗುತ್ತಿದೆ ಅಂತ. ಒಳಗೆ ಎಷ್ಟು ಉಳಿಯಿತು ಅಂತ ಅದರಿಂದ ಗೊತ್ತಾಗಲ್ಲ. ವರ್ಷಕ್ಕೆ ಒಂದು ದಿನ ತಿನ್ನುವ ಯಾವುದೂ ಉಳಿದ ದಿನಗಳ ವಿಟಮಿನ್ ಕೊಡಲಾರದು, ಸೊಪ್ಪಿನಲ್ಲಿ ಬಿ12 ಅಂತೂ ಇರುವುದಿಲ್ಲ. ಪಾಯಸವನ್ನು ಪಾಯಸವಾಗಿ ತಿನ್ನಿ, ಚೆನ್ನಾಗಿರುತ್ತೆ. ಮಳೆಗಾಲದಲ್ಲಿ ಮತ್ತೆ ಮತ್ತೆ ತಿನ್ನುವ ಕೆಂಬು (ಕೆಸುವಿನ) ಸೊಪ್ಪಿನಿಂದ ಸಿಗುವುದು ಜಾಸ್ತಿ, ಅದರಲ್ಲಿ ಎ ಆಗಿ ಬದಲಾಗುವ ಕ್ಯಾರೋಟಿನ್ ಇದೆ, ಫೋಲೇಟ್ ಇದೆ. ಗಂಟಲು ತುರಿಸದ ಹಾಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಸೊಪ್ಪು ಅಂದಾಗ ಅತ್ತೆಯ ವಿಷಯ. ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆಚ್ಚು ಭಯವಾದದ್ದು ಇದೇ. ವಾಲ್ವ್ ಹಾಕಿಸಿಕೊಂಡವರಿಗೆ ಕೊಡುವ ವಾರ್ಫರಿನ್ ಅಥವಾ ಅಸಿಟ್ರೋಮ್ ಜಾತಿಯ ಮಾತ್ರೆ ಕೆಲಸ ಮಾಡುವುದೇ ವಿಟಮಿನ್ ಕೆಗೆ ಅಡ್ಡ ನಿಂತು. ರಕ್ತ ಹೆಪ್ಪುಗಟ್ಟಲು ಕೆ ಬೇಕು. ಮಲ್ಟಿವಿಟಮಿನ್ ಬಾಟಲಿಯಲ್ಲಿ ಬಹಳ ಸಲ ಕೆ ಇರುತ್ತೆ, ಅದನ್ನು ದಿನಾ ಕೊಟ್ಟರೆ ಮಾತ್ರೆಯ ಬಲ ಕುಗ್ಗಿ ವಾಲ್ವ್ ಮೇಲೆ ರಕ್ತ ಗಟ್ಟಿಯಾಗುವ ಅಪಾಯ. ಕೆ ಜಾಸ್ತಿ ಇರುವುದು ಹಸಿರು ಸೊಪ್ಪಿನಲ್ಲೂ. ವರ್ಷವಿಡೀ ಅಪರೂಪಕ್ಕೆ ಸೊಪ್ಪು ತಿಂದು ಕಕ್ಕಡದಲ್ಲಿ ದಿನಾ ಕೆಂಬು ಸೊಪ್ಪು ಅಂತಾದರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡುವ ಅವರ ಐಎನ್‌ಆರ್ ರಿಪೋರ್ಟ್ ಅಲ್ಲಾಡುತ್ತೆ. ಸೊಪ್ಪು ಬಿಡಬೇಕಿಲ್ಲ, ಪ್ರತಿ ವಾರ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ. ಅತ್ತೆಗೆ ಬಾಟಲಿ ಬೇಡ, ಖಂಡಿತ ಬೇಡ. ಅವರ ಬಿ12 ಬೇಕಾದರೆ ಒಮ್ಮೆ ಪರೀಕ್ಷೆ ಮಾಡಿಸಿ, ವಯಸ್ಸಾದಂತೆ ಹೊಟ್ಟೆಯ ಆಸಿಡ್ ತಾನಾಗಿಯೇ ಕಮ್ಮಿಯಾಗುತ್ತೆ.

ಮಗಳಿಗೆ ಒಂದೇ ಒಂದು ಮಾತ್ರೆ ಇವತ್ತಿನಿಂದಲೇ ಬೇಕು, ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮೆದುಳು, ಬೆನ್ನುಹುರಿಯಾಗುವ ಕೊಳವೆ ಗರ್ಭ ನಿಂತು 28 ದಿನದೊಳಗೆ ಮುಚ್ಚಿಕೊಳ್ಳಬೇಕು, ಅಷ್ಟು ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ಬಸಿರು ಅಂತಲೇ ಗೊತ್ತಾಗಿರಲ್ಲ. ಹಾಗಾಗಿ ಗೊತ್ತಾದ ಮೇಲೆ ಶುರು ಮಾಡಿದರೆ ತಡ. ಈ ಫೋಲೇಟ್ ಕಥೆ ನಮ್ಮ ದೇಶದ್ದೇ. 1928ರ ಹೊತ್ತಿಗೆ ಬಾಂಬೆಗೆ ಬಂದ ಲೂಸಿ ವಿಲ್ಸ್ ಅನ್ನುವ ಡಾಕ್ಟರು ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆ ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್‌ಗೆ ವಾಸಿಯಾಗುವುದನ್ನು ಕಂಡರು, ಅದರೊಳಗಿದ್ದದ್ದು ಫೋಲೇಟ್ ಅಂತ ಆಮೇಲೆ ತಿಳಿಯಿತು.

ಬಾಟಲಿಯಲ್ಲಿ ಫೋಲಿಕ್ ಆಸಿಡ್ ಇದೆಯಲ್ಲ, ಅದನ್ನೇ ಕೊಡೋಣ ಅನ್ನಬೇಡಿ. ಅದರ ಲೇಬಲ್‌ನಲ್ಲಿ ವಿಟಮಿನ್ ಎ ಎಷ್ಟಿದೆ ನೋಡಿ, ರೆಟಿನಾಲ್ ಅಥವಾ ರೆಟಿನೈಲ್ ಅಂತ ಬರೆದಿರುತ್ತೆ. ಆ ರೂಪದ ಎ ದಿನಕ್ಕೆ 3,000 ಮೈಕ್ರೋಗ್ರಾಂ, ಅಂದರೆ 10,000 ಐಯು ದಾಟಿದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ. ಮಾತ್ರೆಯಲ್ಲಿ ಸ್ವಲ್ಪ, ಮೇಲಿಂದ ತವರಿಗೆ ಬಂದಳು ಅಂತ ಅಮ್ಮ ಮಾಡಿದ ಲಿವರ್ ಫ್ರೈ. ಹಂದಿ ಲಿವರ್ 100 ಗ್ರಾಂ ಒಂದರಲ್ಲೇ ಆ ಮಿತಿಯ ಎರಡು ಪಟ್ಟು ಇರುತ್ತೆ. ಮಗು ಹುಟ್ಟುವವರೆಗೆ ಅವಳಿಗೆ ಕರಿ ಬಡಿಸಿ, ಲಿವರ್ ಬೇರೆಯವರಿಗೆ. ಕ್ಯಾರೆಟ್, ಪಪ್ಪಾಯಿ, ಕುಂಬಳದ ಕ್ಯಾರೋಟಿನ್‌ಗೆ ಈ ಭಯ ಇಲ್ಲ, ಮೈ ತನಗೆ ಬೇಕಾದಷ್ಟನ್ನೇ ಎ ಮಾಡಿಕೊಳ್ಳುತ್ತೆ. ಅದೇ ಕ್ಯಾರೋಟಿನ್ ಮಾತ್ರೆಯಾಗಿ ಬಂದರೆ ಮತ್ತೆ ಬೇರೆ ಕಥೆ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,000 ಗಂಡಸರ ಮೇಲೆ ಮಾಡಿದ ಅಧ್ಯಯನ 1994ರಲ್ಲಿ ಹೊರಬಂತು. ದಿನಾ ಬೀಟಾ ಕ್ಯಾರೋಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗುವ ಬದಲು ಜಾಸ್ತಿಯಾಗಿತ್ತು. ಮನೆಯಲ್ಲಿ ಸೇದುವವರು ಯಾರಾದರೂ ಇದ್ದರೆ ಅವರಿಗೂ ಬಾಟಲಿ ಬೇಡ.

ನಡುವೆ ಒಂದು ಮಾತು, ತೋಟದ ಕೆಲಸದವರಿರುವ ನಿಮ್ಮ ಲೈನ್‌ಮನೆಯವರಿಗೆ ಹೇಳಿ. ರೇಷನ್ ಅಕ್ಕಿ ತೊಳೆಯುವಾಗ ತೇಲುವ, ಸ್ವಲ್ಪ ಬೇರೆ ಬಣ್ಣದ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮತ್ತೆ ಕಾಳಿನ ಆಕಾರ ಕೊಟ್ಟದ್ದು, ಅಂಥ ಅಕ್ಕಿ ಕೊಟ್ಟಲ್ಲಿ ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಸರ್ಕಾರ ಪುಕ್ಕಟೆ ಕೊಟ್ಟ ಬಿ12 ಕೋಳಿಗೆ ಹೋಗುತ್ತಿದೆ!

ಈಗ ಕಾಫಿ, ಅದನ್ನು ಬಿಟ್ಟು ಹೇಗೆ ಮುಗಿಸಲಿ. ಬೀಜ ಹುರಿಯುವಾಗ ಅದರಲ್ಲಿರುವ ಟ್ರೈಗೊನೆಲಿನ್ ಅನ್ನುವ ವಸ್ತುವಿನಿಂದ ಬಿ3 ಹುಟ್ಟುತ್ತೆ, ಹಾಗಾಗಿ ನಿಮ್ಮ ಲೋಟದಲ್ಲಿ ಚೂರು ವಿಟಮಿನ್ ಇದ್ದೇ ಇದೆ. ಆದರೆ ಊಟತಿಂಡಿಯ ಜೊತೆಗೇ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದಕ್ಕೆ ಅಡ್ಡ ಬರುತ್ತೆ, ಟೀ ಇನ್ನೂ ಜಾಸ್ತಿ ಅಡ್ಡ ಬರುತ್ತೆ. ರೊಟ್ಟಿ ತಿಂದು ಒಂದು ಗಂಟೆ ಬಿಟ್ಟು ಕುಡಿಯಿರಿ. ಇದನ್ನು ಮುಖ್ಯವಾಗಿ ನಿಮಗೇ ಹೇಳುತ್ತಿದ್ದೇನೆ. ಗಂಡ, ಅತ್ತೆ, ನಾದಿನಿ, ಮಗಳು, ಎಲ್ಲರ ವಯಸ್ಸು, ಕಾಯಿಲೆ, ಮಾತ್ರೆ ಬರೆದಿರಿ, ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ? ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ? ಶುಕ್ರವಾರ ಸಂತೆಗೆ ಮಡಿಕೇರಿಗೆ ಬಂದಾಗ ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಮೂರಕ್ಕೂ ರಕ್ತ ಕೊಟ್ಟುಬನ್ನಿ. ಆ ಬಾಟಲಿಯಿಂದ ಈಗಾಗಲೇ ಒಂದೆರಡು ನೀವೇ ನುಂಗಿ ನೋಡಿದ್ದರೆ ಲೇಬಲ್‌ನಲ್ಲಿ ಬಯೋಟಿನ್ ಇದೆಯಾ ನೋಡಿಕೊಳ್ಳಿ, ಕೂದಲು ಉದುರುವುದಕ್ಕೆ ಅಂತ ಅದನ್ನು ಜಾಸ್ತಿ ಹಾಕಿರುತ್ತಾರೆ. ಇದ್ದರೆ ಪರೀಕ್ಷೆಗೆ ಮೂರು ದಿನ ಮುಂಚೆಯೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಇಲ್ಲದಿದ್ದರೆ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು.